ಎಂಟು ಕೈಯ ಮರ, ಒಂದು ಹನಿಯ ಗಿಡ

ನಮ್ಮ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವರನ್ನು ಎಲ್ಲರೂ ಗಡಿಯಾರದಣ್ಣ ಎನ್ನುತ್ತೇವೆ. ಅವರ ಅಂಗಡಿಗೆ ಹೊಸದಾಗಿ ಹೋದವರು ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಬೆಚ್ಚಿಬೀಳುತ್ತಾರೆ. ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಪ್ಪತ್ತೇಳು ಅಲಾರಂ ಗಡಿಯಾರಗಳಿವೆ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಅರ್ಧ ಗಂಟೆಗೊಂದು ಬಾರಿಸುತ್ತದೆ. ಬಾರಿಸಿದ ಕೂಡಲೆ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜನ್ನೂ ತೆಗೆಯದೆ, ಕಿಟಕಿಯ ಕಡೆ ತಿರುಗಿ, ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಿಂದ ಒಂದು ಹನಿ ನೀರು ಹಾಕುತ್ತಾರೆ. ಒಂದೇ ಹನಿ. ಎರಡು ಹಾಕಿದರೆ ಅಲ್ಲಿ ಪ್ರವಾಹ.

ನೀರು ಬೀಳುವುದು ಎಲ್ಲಿಗೆಂದು ಹೊಸಬರಿಗೆ ಕಾಣುವುದಿಲ್ಲ. ಟೂತ್‌ಪೇಸ್ಟಿನ ಮುಚ್ಚಳವೊಂದಕ್ಕೆ ಕಂದು ಬಣ್ಣ ಬಳಿದು, ತಳಕ್ಕೆ ಸೂಜಿಯಿಂದ ತೂತು ಮಾಡಿ, ಅದರಲ್ಲಿ ಒಂದು ಮರ ಬೆಳೆಸಿದ್ದಾರೆ. ಸಣ್ಣೆಲೆಯ ಆಲ. ಹೆಬ್ಬೆರಳ ಉಗುರಿನಷ್ಟು ಎತ್ತರ. ಕಾಂಡವಿದೆ, ಬಾಗಿದ ಎರಡು ಕೊಂಬೆಗಳಿವೆ, ಒಟ್ಟು ಹನ್ನೊಂದು ಎಲೆಗಳಿವೆ. ಒಮ್ಮೆ ಹನ್ನೆರಡಿದ್ದವು. ಹನ್ನೆರಡನೆಯದು ಉದುರಿದ ದಿನ ಅಂಗಡಿಯ ಬಾಗಿಲಿಗೆ ‘ಮಧ್ಯಾಹ್ನದ ಮೇಲೆ ಇರುವುದಿಲ್ಲ’ ಎಂಬ ಚೀಟಿ ಅಂಟಿಸಿದ್ದರು.

ಬೋನ್ಸಾಯ್ ಬೆಳೆಸುವವರು ಗಿಡ ಬೆಳೆದ ಹಾಗೆ ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸುತ್ತಾರಂತೆ. ಗಡಿಯಾರದಣ್ಣ ವರ್ಷವರ್ಷಕ್ಕೆ ಸಣ್ಣ ಕುಂಡಕ್ಕೆ ಬದಲಾಯಿಸುತ್ತ ಬಂದವರು. ಮೊದಲು ಟೀ ಲೋಟ, ಆಮೇಲೆ ಔಷಧಿ ಕುಡಿಸುವ ಅಳತೆಯ ಲೋಟ, ಆಮೇಲೆ ದರ್ಜಿಯವರ ಬೆರಳಿನ ಟೋಪಿ, ಕೊನೆಗೆ ಈ ಮುಚ್ಚಳ. ಬೇರು ಬಿಡಿಸುವುದು ಕೈಗಡಿಯಾರದ ಚಿಮಟದಿಂದ, ಕೊಂಬೆ ಸವರುವುದು ಉಗುರು ಕತ್ತರಿಸುವ ಸಾಧನದಿಂದ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನನ್ನ ಅಡುಗೆಮನೆಯ ಗಡಿಯಾರ ಎರಡು ತಿಂಗಳಿಗೊಮ್ಮೆ ನಿಲ್ಲುತ್ತದೆ. ಅದನ್ನು ಕೊಡಲು ಹೋದವಳು ಅಲ್ಲಿಯ ಸ್ಟೂಲಿನ ಮೇಲೆ ಒಂದು ಗಂಟೆ ಕೂತು ಬರುತ್ತೇನೆ. ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ. ಇಬ್ಬರಿಗೂ ಅದೇ ಅನುಕೂಲ.

ಅದೇ ಮನೆಯ ಮಹಡಿಯಲ್ಲಿ ಅವರ ಅಕ್ಕ ಇದ್ದಾರೆ. ಇಡೀ ಬೀದಿಗೆ ದೊಡ್ಡಕ್ಕ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಕಂಪನಿಯಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವರು. ಕಪಾಟು, ಮಂಚ, ಪಿಯಾನೊ, ಎಂಥ ವಸ್ತುವಾದರೂ ಅದನ್ನು ಯಾವ ಬಾಗಿಲಲ್ಲಿ ಯಾವ ಓರೆಯಲ್ಲಿ ತೂರಿಸಬೇಕೆಂದು ದೂರದಿಂದಲೇ ಹೇಳಬಲ್ಲರು. ಅವರದೂ ಸಣ್ಣೆಲೆಯ ಆಲವೇ. ಕುಂಡ ಮಾತ್ರ ಯಾರೋ ಮನೆ ಬಿಡುವಾಗ ಬಿಟ್ಟುಹೋದ ಸ್ನಾನದ ತೊಟ್ಟಿ, ಅರ್ಧಕ್ಕೆ ಕೊಯ್ಯಿಸಿದ್ದು. ಮರ ದೊಡ್ಡಕ್ಕನ ಕುತ್ತಿಗೆಯವರೆಗೆ ಬರುತ್ತದೆ. ದಿನಕ್ಕೆ ಎರಡು ಬಕೆಟ್ ನೀರು. ಸವರಲು ಏಣಿ ಮತ್ತು ಗರಗಸ.

ತಮಾಷೆಯೆಂದರೆ ಎರಡೂ ಒಂದೇ ಮರ. ಇಪ್ಪತ್ತೆರಡು ವರ್ಷದ ಹಿಂದೆ ಅವರ ತಾಯಿಯ ಕಿಟಕಿಯಲ್ಲಿದ್ದ ಗಿಡವೊಂದು ಗಾಳಿಗೆ ಬಿದ್ದು ಮುರಿಯಿತು. ಅಕ್ಕ ದಪ್ಪನೆಯ ಬುಡವನ್ನು ಎತ್ತಿಕೊಂಡರು, ತಮ್ಮನ ಪಾಲಿಗೆ ತುದಿಯ ಕಡ್ಡಿ ಉಳಿಯಿತು. ಆ ದಿನದಿಂದ ಹೋಲಿಕೆ ಶುರುವಾಯಿತು.

“ನಿನ್ನದು ಗಿಡ ಅಲ್ಲ ಕಣೋ, ಕಳೆ,” ಅಕ್ಕ ಮಹಡಿಯಿಂದ ಬಗ್ಗಿ ಹೇಳುವರು.

“ನಿನ್ನದು ಬೋನ್ಸಾಯ್ ಅಲ್ಲ ಅಕ್ಕ, ಕಾಡಿಗೆ ಕುಂಡ ಕಟ್ಟಿದೀಯ,” ತಮ್ಮ ಕಿಟಕಿಯಿಂದ ಕತ್ತೆತ್ತಿ ಹೇಳುವರು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ,” ಎಂದು ನಡುವಿನ ಮೆಟ್ಟಿಲ ಮೇಲೆ ಕೂತ ಭಾವ ಹೇಳುವರು. ಭಾವ ಎಂದರೆ ದೊಡ್ಡಕ್ಕನ ಯಜಮಾನರು, ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಆ ಗಾದೆ ಗಿಡಗಳ ಬಗ್ಗೆಯೋ ಅಕ್ಕ ತಮ್ಮನ ಬಗ್ಗೆಯೋ ಎಂದು ಅವರು ಯಾವತ್ತೂ ಬಿಡಿಸಿ ಹೇಳಿದವರಲ್ಲ. ಜೀವನವೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡಿದವರಿಗೆ ನಡುವಿನ ಮೆಟ್ಟಿಲೇ ಹಿತ.

ವರ್ಷಕ್ಕೊಮ್ಮೆ ಬೋನ್ಸಾಯ್ ಸಂಘದ ಪ್ರದರ್ಶನ. ಸಂಘದವರು ಗಿಡವನ್ನು ಅಡಿ ಅಂಗುಲದಲ್ಲಿ ಅಳೆಯುವುದಿಲ್ಲ, ಎತ್ತಲು ಎಷ್ಟು ಕೈ ಬೇಕೆಂದು ಅಳೆಯುತ್ತಾರೆ. ಒಂದು ಕೈಯ ವರ್ಗ, ಎರಡು ಕೈಯದು, ನಾಲ್ಕು ಕೈಯದು, ಎಂಟು ಕೈಯದು. ಎಲ್ಲಕ್ಕಿಂತ ಕೆಳಗೆ, ಎರಡೇ ಬೆರಳಿನಲ್ಲಿ ಎತ್ತುವಂಥ ಬೆರಳಿನ ವರ್ಗ. ಎಂಟು ಕೈಯ ಮರವನ್ನು ತೀರ್ಪುಗಾರರ ಎದುರಿಗೇ ಎತ್ತಿ, ಬಾಗಿಲ ಬಳಿಯ ಬಿಳಿ ಗೆರೆಯಿಂದ ಹತ್ತು ಹೆಜ್ಜೆ ನಡೆದು ಕಟ್ಟೆಯ ಮೇಲೆ ಇಡಬೇಕು. ಒಂಬತ್ತನೆಯ ಕೈ ತಾಗಿದರೆ ಅದು ಬೋನ್ಸಾಯ್ ಅಲ್ಲ, ಬರೀ ಮರ, ಮನೆಗೆ ತೆಗೆದುಕೊಂಡು ಹೋಗಿ ಎನ್ನುತ್ತಾರೆ.

ದೊಡ್ಡಕ್ಕ ಎಂಟು ಕೈಯ ವರ್ಗದಲ್ಲಿ ಏಳು ಸಲ ಗೆದ್ದಿದ್ದಾರೆ. ಏಳು ಕಪ್ಪುಗಳೂ ಅಡುಗೆಮನೆಯಲ್ಲಿವೆ. ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ, ದೊಡ್ಡದರಲ್ಲಿ ಈರುಳ್ಳಿ.

ಗಡಿಯಾರದಣ್ಣ ಬೆರಳಿನ ವರ್ಗಕ್ಕೆ ಹದಿನೆಂಟು ವರ್ಷ ಗಿಡ ಕೊಂಡೊಯ್ದರು. ಬಹುಮಾನ ಬರಲಿಲ್ಲ. ಬಹುಮಾನ ಹಾಗಿರಲಿ, ಅದನ್ನು ಯಾರೂ ನೋಡಲೇ ಇಲ್ಲ. ಮುಖ್ಯ ತೀರ್ಪುಗಾರರು ಜಮೀನು ಅಳೆಯುವ ಮೋಜಣಿದಾರರಾಗಿದ್ದವರು, ಆರಡಿ ಮೂರಂಗುಲದ ಮನುಷ್ಯ. ಒಂದು ವರ್ಷ ಅವರು ಗಿಡದ ತಟ್ಟೆಯ ಮೇಲೆ ಟೀ ಕಪ್ಪು ಇಡಲು ಹೋದರು. ಇನ್ನೊಂದು ವರ್ಷ ಸೀನಿದರು. ಮತ್ತೊಂದು ವರ್ಷ ಗಡಿಯಾರದಣ್ಣ ಕನ್ನಡಕ ಒರೆಸಿಕೊಳ್ಳಲೆಂದು ಗಿಡವನ್ನು ಅಂಚೆಯಣ್ಣನ ಕೈಗೆ ಕೊಟ್ಟರು. ಅಂಚೆಯಣ್ಣ ಲವಂಗ ಕೊಟ್ಟಿದ್ದಾರೆಂದು ಬಾಯಿಗೆ ಹಾಕಿಕೊಂಡರು. ಗಿಡ ಬದುಕಿತು, ಎರಡು ಎಲೆ ಹೋದವು. ಅವತ್ತಿನಿಂದ ಗಡಿಯಾರದಣ್ಣ ಆ ಗಿಡವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಈ ವರ್ಷ ಸಂಘದಿಂದ ಕಾಗದ ಬಂತು. ಬೆರಳಿನ ವರ್ಗಕ್ಕೆ ಇರುವುದು ಒಂದೇ ಗಿಡ, ಅದಕ್ಕೂ ಇಲ್ಲಿಯವರೆಗೆ ಒಂದೂ ಅಂಕ ಬಂದಿಲ್ಲ, ಈ ಸಲವೂ ಅಂಕ ಬಾರದಿದ್ದರೆ ಆ ವರ್ಗವನ್ನೇ ಮುಚ್ಚುತ್ತೇವೆ ಎಂದಿತ್ತು.

ಆ ದಿನ ನಾನು ಸ್ಟೂಲಿನ ಮೇಲಿದ್ದೆ. ಅವರು ಕಾಗದವನ್ನು ಮಡಚಿ, ನನ್ನ ಗಡಿಯಾರದ ಹಿಂಬದಿ ತೆರೆಯುತ್ತ ಹೇಳಿದರು.

“ಕಪ್ಪು ಬೇಡ ತಂಗಿ. ಅದನ್ನ ಇಡೋಕೂ ನನ್ನ ಹತ್ರ ಜಾಗ ಇಲ್ಲ. ಒಂದು ನಿಮಿಷ ನೋಡ್ಬೇಕು ಅಷ್ಟೆ. ಊರಲ್ಲಿರೋರ ಸಣ್ಣ ಸಣ್ಣ ಹಲ್ಲಿನ ಚಕ್ರ ಎಲ್ಲ ನಾನು ನೋಡ್ತೀನಿ. ನಂದೊಂದು ಸಣ್ಣದನ್ನ ಯಾರಾದ್ರೂ ಒಂದು ನಿಮಿಷ ನೋಡಿದ್ರೆ ಸಾಕು.”

ಅವತ್ತು ಮನೆಗೆ ಬಂದು ದೀಪ ಹಚ್ಚುವಾಗ ಅದನ್ನೂ ಸೇರಿಸಿ ಬೇಡಿಕೊಂಡೆ. ಇಷ್ಟು ಸಣ್ಣ ವಿಷಯವನ್ನು ದೇವರ ಮುಂದೆ ಇಡಬಹುದೋ ಇಲ್ಲವೋ ಎಂದು ಅನುಮಾನವಿತ್ತು. ಆದರೆ ಸಾಸಿವೆಗೂ ಸಿಪ್ಪೆ ಸುತ್ತಿ ಕಳಿಸಿದವನು ಅವನೇ ಅಲ್ಲವೇ ಎಂದುಕೊಂಡೆ.

ಪ್ರದರ್ಶನದ ದಿನ ಬೆಳಿಗ್ಗೆ ಭಾವ ತಾವೇ ಕಟ್ಟಿದ ರಾಟೆ ಹಗ್ಗದಲ್ಲಿ ದೊಡ್ಡ ಮರವನ್ನು ಮಹಡಿಯಿಂದ ಇಳಿಸಿದರು. ತಳ್ಳುಗಾಡಿಯ ಮೇಲೆ ಅದು ಬೀದಿಯಲ್ಲಿ ಹೋಗುವಾಗ ಒಂದು ಕಾಗೆ ಅದರ ಮೇಲೆ ಕೂತು ಸಭಾಂಗಣದವರೆಗೂ ಸವಾರಿ ಮಾಡಿತು. ಗಡಿಯಾರದಣ್ಣ ಹಿಂದೆ ಹಿಂದೆ ನಡೆದರು. ಒಂದು ಕೈಯಲ್ಲಿ ಹತ್ತಿ ತುಂಬಿದ ಉಂಗುರದ ಡಬ್ಬಿ, ಅದರೊಳಗೆ ಗಿಡ. ಇನ್ನೊಂದು ಕೈಯಲ್ಲಿ ಚೀಲ, ಅದರಲ್ಲಿ ಡ್ರಾಪರ್, ಒಂದು ತಟ್ಟೆ, ಭೂತಗಾಜು, ಮತ್ತು ಆ ಹೊತ್ತಿನ ಹನಿಗಳಿಗೆ ಬೇಕಾದ ಆರು ಅಲಾರಂ ಗಡಿಯಾರಗಳು. ಟಿಕ್ ಟಿಕ್ ಎನ್ನುವ ಚೀಲ ಹಿಡಿದವರ ಪಕ್ಕದಲ್ಲಿ ನಡೆಯಲು ಜನ ಹಿಂಜರಿದರು.

ಬಿಳಿ ಗೆರೆಯ ಹತ್ತಿರ ತೊಂದರೆ ಶುರುವಾಯಿತು. ದೊಡ್ಡಕ್ಕನ ಎಂಟು ಕೈಗಳೆಂದರೆ ದೊಡ್ಡಕ್ಕನವು ಎರಡು, ಭಾವನವು ಎರಡು, ಅಂಚೆಯಣ್ಣನವು ಎರಡು, ಬೇಕರಿಯವರವು ಎರಡು. ಬೇಕರಿಯವರು ಬಲಗೈಗೆ ದಪ್ಪನೆಯ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದರು.

“ಒಲೆಯ ತಟ್ಟೆ ತಾಗಿತು ದೊಡ್ಡಕ್ಕ. ಎಡಗೈ ಗಟ್ಟಿಯಾಗಿದೆ.”

“ಏಳು ಕೈಯಲ್ಲಿ ಆಗಲ್ಲ. ಇನ್ನೊಂದು ಕೈ ಬೇಕು,” ದೊಡ್ಡಕ್ಕ ಸುತ್ತ ನೋಡಿದರು. ಕಣ್ಣು ತಮ್ಮನ ಮೇಲೆ ನಿಂತಿತು. “ಬಾರೋ.”

“ನಾನಾ? ನಾನು ಎತ್ತೋ ದೊಡ್ಡ ವಸ್ತು ಅಂದ್ರೆ ಪೆಂಡುಲಮ್ಮು.”

“ಎರಡು ಕೈ ಕೇಳ್ತಿಲ್ಲ. ಒಂದೇ ಕೈ. ಅಕ್ಕನಿಗೆ ಒಂದು ಕೈ ಕೊಡೋಕಾಗಲ್ವಾ?”

“ಬೇಕರಿಯವರ ಬದಲು ಇವರೇ ಎರಡೂ ಕೈ ಹಾಕಲಿ ಬಿಡಿ,” ಎಂದರು ಅಂಚೆಯಣ್ಣ.

ಬೇಕರಿಯವರ ಮುಖ ಬಾಡಿತು. “ಏಳು ವರ್ಷದಿಂದ ಎತ್ತಿದೀನಿ. ಒಂದು ಕೈ ಸುಟ್ಟಿತು ಅಂತ ಇನ್ನೊಂದನ್ನ ಯಾಕೆ ಕೆಲಸದಿಂದ ತೆಗೀತೀರಿ?”

ಹೀಗಾಗಿ ಐದು ಜನ, ಎಂಟು ಕೈ ಎಂದು ತೀರ್ಮಾನವಾಯಿತು. ಮೋಜಣಿದಾರರು ಬಂದು ಕೈಗಳನ್ನು ಒಂದೊಂದಾಗಿ ಎಣಿಸಿದರು, ತಪ್ಪಿತೆನಿಸಿ ಮತ್ತೆ ಎಣಿಸಿದರು.

“ಈ ಬ್ಯಾಂಡೇಜಿನ ಕೈ ಹಿಂದಕ್ಕೆ. ನಿಮ್ಮ ಎಡಗೈಯೂ ಹಿಂದಕ್ಕೆ ರಿಪೇರಿಯವರೇ. ಅದರಲ್ಲೇನು ಡಬ್ಬಿ? ಹಿಂದೆ ಕಟ್ಟಿದ ಕೈ ಖಾಲಿ ಇರಬೇಕು, ನಿಯಮ. ಕೆಳಗಿಡಿ.”

ನೆಲದ ತುಂಬ ಕಾಲುಗಳಿದ್ದವು. ಅಂಥಲ್ಲಿ ಡಬ್ಬಿ ಇಡುವುದು ಹೇಗೆ? “ಕೊಡಿ, ನಾನು ಹಿಡ್ಕೊಂಡಿರ್ತೀನಿ,” ಎಂದೆ. ಅವರು ನನ್ನ ಬಾಯಿಯ ಕಡೆ ಒಮ್ಮೆ ನೋಡಿ ಬೇಡವೆಂದರು. ಲವಂಗದ ನೆನಪು ಇನ್ನೂ ಹಸಿಯಾಗಿತ್ತು. ಡಬ್ಬಿ ಅಂಗಿಯ ಜೇಬಿಗೆ ಹಿಡಿಸಲಿಲ್ಲ. ಕೊನೆಗೆ ಅವರು ಗಿಡವನ್ನು ಚಿಮಟದಿಂದ ಹೊರತೆಗೆದು ಮುಚ್ಚಳದ ಸಮೇತ ಜೇಬಿಗೆ ಇಳಿಬಿಟ್ಟು, ಖಾಲಿ ಡಬ್ಬಿಯನ್ನೂ ಚೀಲವನ್ನೂ ನನಗೆ ಕೊಟ್ಟು, ಎಡಗೈ ಹಿಂದೆ ಕಟ್ಟಿ ನಿಂತರು.

“ಎತ್ತು,” ದೊಡ್ಡಕ್ಕ ಕಂಪನಿಯ ಧ್ವನಿಯಲ್ಲಿ ಹೇಳಿದರು. “ಎಡಕ್ಕೆ ಓರೆ. ನಿನ್ನ ಎಡ ಅಲ್ಲ, ನನ್ನ ಎಡ. ರೀ, ನೀವು ಉಸಿರು ಬಿಡಿ. ತಮ್ಮಾ, ನೀನು ಎತ್ತುತಾ ಇದೀಯೋ ಸವರುತಾ ಇದೀಯೋ?”

“ಎತ್ತುತಾ ಇದೀನಿ ಅಕ್ಕ.”

“ಹಾಗಾದ್ರೆ ಮುಖದಲ್ಲಿ ಸ್ವಲ್ಪ ಕಾಣಿಸಲಿ.”

ಹತ್ತು ಹೆಜ್ಜೆಗೆ ಎಂಟು ನಿಮಿಷ ಹಿಡಿಯಿತು. ಕಟ್ಟೆಯ ಮೇಲೆ ಇಡುವಾಗ ಎಲ್ಲರೂ ಒಟ್ಟಿಗೆ ಬಗ್ಗಿದರು. ಗಡಿಯಾರದಣ್ಣ ಎಲ್ಲರಿಗಿಂತ ಹೆಚ್ಚು ಬಗ್ಗಿದರು, ಅವರ ಎದೆ ತೊಟ್ಟಿಯ ಅಂಚಿಗೇ ಒತ್ತಿತು. ಭಾವ ಬಗ್ಗಿದ ಭಂಗಿಯಲ್ಲೇ ಉಳಿದುಬಿಟ್ಟರು, ಸೊಂಟ ಹಿಡಿದುಕೊಂಡಿತ್ತು. ಅವರನ್ನು ಅದೇ ಕಟ್ಟೆಯ ಮೇಲೆ ಮರದ ಪಕ್ಕ ಒಂದು ಮಗ್ಗುಲಿಗೆ ಮಲಗಿಸಿದರು.

“ಆರಾಮಾಗಿದೀರಾ?” ಎಂದರು ದೊಡ್ಡಕ್ಕ.

“ನೆರಳು ಚೆನ್ನಾಗಿದೆ,” ಎಂದರು ಭಾವ.

ಗಡಿಯಾರದಣ್ಣ ನನ್ನ ಕೈಯಿಂದ ಚೀಲ ತೆಗೆದುಕೊಂಡು ಓಡಿ ತಮ್ಮ ಮೇಜಿಗೆ ಹೋದರು. ಸಭಾಂಗಣದ ಮೂಲೆಯಲ್ಲಿ, ನಲವತ್ತೊಂದನೆಯ ನಂಬರು. ತಟ್ಟೆ ಇಟ್ಟರು, ಪಕ್ಕಕ್ಕೆ ಭೂತಗಾಜು ಇಟ್ಟರು, ಗಡಿಯಾರಗಳನ್ನು ಜೋಡಿಸಿದರು. ಜೇಬಿಗೆ ಎರಡು ಬೆರಳು ಇಳಿಸಿದರು. ಆಮೇಲೆ ನಾಲ್ಕು ಬೆರಳು. ಆಮೇಲೆ ಜೇಬನ್ನೇ ಹೊರಗೆ ತಿರುವಿದರು. ಒಂದು ಸಣ್ಣ ಸ್ಕ್ರೂ ಬಿತ್ತು, ಬೇರೇನೂ ಇಲ್ಲ.

ಅಷ್ಟರಲ್ಲಿ ಮೋಜಣಿದಾರರು ಬಂದೇಬಿಟ್ಟರು. ಕಾಗದ ಕಳಿಸಿದ ಮೇಲೆ ಅವರಿಗೂ ಒಳಗೊಳಗೆ ಏನೋ ಚುಚ್ಚಿರಬೇಕು. ಈ ಸಲ ಟೀ ಕಪ್ಪನ್ನು ದೂರವಿಟ್ಟು ಬಂದಿದ್ದರು. ಗಡಿಯಾರದಣ್ಣ ಬಾಯಿ ತೆರೆಯುವ ಮೊದಲೇ ಆರಡಿ ಮೂರಂಗುಲವನ್ನು ಮೂರು ಮಡಿಕೆ ಮಾಡಿ ಬಗ್ಗಿ, ಭೂತಗಾಜು ಹಿಡಿದು ತಟ್ಟೆಯನ್ನು ನೋಡತೊಡಗಿದರು. ನೋಡಿದರು. ಮತ್ತೂ ನೋಡಿದರು. ಮೇಜಿನ ಮೇಲಿನ ಆರೂ ಗಡಿಯಾರಗಳಲ್ಲಿ ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿತು.

ಹದಿನೆಂಟು ವರ್ಷ ಕಾದ ಆ ಒಂದು ನಿಮಿಷ, ಖಾಲಿ ತಟ್ಟೆಯ ಮೇಲೆ ಹೋಯಿತು.

“ಚೆನ್ನಾಗಿದೆ,” ಮೋಜಣಿದಾರರು ನೆಟ್ಟಗಾದರು. “ಬಹಳ ಸೂಕ್ಷ್ಮ. ಕಾಂಡ ಸ್ವಲ್ಪ ಎಡಕ್ಕೆ ವಾಲಿದೆ, ಅದೇ ಚೆಂದ.” ಪೆನ್ನು ತೆಗೆದರು. ಅವರ ಹಿಂದೆ ಸಂಘದ ಕಾರ್ಯದರ್ಶಿ, ಹಲ್ಲಿನ ಡಾಕ್ಟರಮ್ಮ, ರಿಜಿಸ್ಟರ್ ಹಿಡಿದು ನಿಂತಿದ್ದರು. ಪೆನ್ನು ಹಾಳೆಯ ಮೇಲೆ ಇನ್ನೇನು ಊರಬೇಕು.

ಗಡಿಯಾರದಣ್ಣ ಸುಮ್ಮನಿದ್ದಿದ್ದರೆ ಅಂಕ ಸಿಗುತ್ತಿತ್ತು, ವರ್ಗವೂ ಉಳಿಯುತ್ತಿತ್ತು. ಅವರು ಪೆನ್ನಿಗೆ ಕೈ ಅಡ್ಡ ಹಿಡಿದರು.

“ಸರ್, ಅದರಲ್ಲಿ ಏನೂ ಇಲ್ಲ.”

ಮೋಜಣಿದಾರರು ತಟ್ಟೆ ನೋಡಿದರು, ಅವರನ್ನು ನೋಡಿದರು.

“ಹೋದ ವರ್ಷ ಇತ್ತಾ?”

“ಇತ್ತು ಸರ್.”

“ಓಹೋ. ಹೋದ ವರ್ಷ ಖಾಲಿ ಅಂದ್ಕೊಂಡಿದ್ದೆ.”

ಅದೇ ಹೊತ್ತಿಗೆ ಅಲಾರಂ ಬಾರಿಸಿತು. ಗಡಿಯಾರದಣ್ಣನ ಕೈ ತನ್ನಷ್ಟಕ್ಕೆ ತಾನೇ ಡ್ರಾಪರ್ ಎತ್ತಿಕೊಂಡಿತು. ಹನಿ ತುದಿಯಲ್ಲಿ ನಿಂತಿತು. ಹಾಕಲು ಎಡೆಯಿಲ್ಲದೆ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಅದನ್ನು ನೋಡಿ ಅಂಚೆಯಣ್ಣನಿಗೆ ವಿಷಯ ಅರ್ಥವಾಯಿತು. ಮೊದಲು ತಮ್ಮ ಬಾಯಿ ತಡಕಿಕೊಂಡರು, ಆಮೇಲೆ ಕೂಗಿದರು.

“ಯಾರೂ ಕಾಲು ಎತ್ತಬೇಡಿ. ಎತ್ತಿದವರು ಇಳಿಸಬೇಡಿ. ಗಿಡ ಬಿದ್ದುಹೋಗಿದೆ.”

ಸಭಾಂಗಣದಲ್ಲಿ ನೂರು ಜನರಿದ್ದರು, ಎಲ್ಲರೂ ನಿಂತಲ್ಲೇ ನಿಂತರು. ನಾಲ್ಕೈದು ಜನ ಒಂಟಿ ಕಾಲಿನಲ್ಲಿ, ಪಕ್ಕದವರ ಹೆಗಲು ಹಿಡಿದು. ಗಡಿಯಾರದಣ್ಣ ಕಣ್ಣಿಗೆ ಭೂತಗಾಜು ಸಿಕ್ಕಿಸಿ ಮಂಡಿಯೂರಿ ಹೊರಟರು. ಡಾಕ್ಟರಮ್ಮ ಕೈಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಇನ್ನೊಂದು ಕಡೆಯಿಂದ ಹೊರಟರು. ಒಬ್ಬೊಬ್ಬರೂ ಕುದುರೆ ಲಾಳ ತೋರಿಸುವ ಹಾಗೆ ಪಾದರಕ್ಷೆಯ ತಳ ತೋರಿಸಿದರು.

“ಎತ್ತಿ. ಇನ್ನೂ ಸ್ವಲ್ಪ. ಹಾಂ, ಬಾಯಿ ಮುಕ್ಕಳಿಸಿ,” ಎಂದುಬಿಟ್ಟರು ಡಾಕ್ಟರಮ್ಮ, ಅಭ್ಯಾಸಬಲದಿಂದ.

ಒಂದು ತಳದಲ್ಲಿ ಚೂಯಿಂಗ್ ಗಮ್ ಸಿಕ್ಕಿತು, ಒಂದರಲ್ಲಿ ಅಂಗಿಯ ಗುಂಡಿ. ಬೇಕರಿಯವರ ಬೂಟಿನ ತಳದಲ್ಲಿ ಹಿಂದಿನ ತಿಂಗಳು ಗಡಿಯಾರದಣ್ಣ ಎರಡು ದಿನ ಹುಡುಕಿದ್ದ ಒಂದು ಹಲ್ಲಿನ ಚಕ್ರ ಸಿಕ್ಕಿತು. “ಇದು ನಿಮ್ಮ ಹತ್ರ ಇತ್ತಾ?” ಎಂದು ಆ ಸಂಕಟದಲ್ಲೂ ಅದನ್ನು ಜೇಬಿಗೆ ಹಾಕಿಕೊಂಡರು. ಗಿಡ ಮಾತ್ರ ಸಿಗಲಿಲ್ಲ. ದೊಡ್ಡಕ್ಕ ತಮ್ಮ ಮರವನ್ನು ಬಿಟ್ಟು ಬಂದು, ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲಿ ನೋಡಿದರು, ಮೇಜುಗಳನ್ನೂ ಎತ್ತಿದರು. ಕಸ ಗುಡಿಸುವವರ ಮೊರವನ್ನು ಕಿತ್ತುಕೊಂಡು ಬೆರಳಿನಿಂದ ಜಾಲಾಡಿದರು.

ಇಪ್ಪತ್ತು ನಿಮಿಷ ಕಳೆಯಿತು. ಗಡಿಯಾರದಣ್ಣ ನೆಲದ ಮೇಲೆ ಕೂತುಬಿಟ್ಟರು.

“ನೀವು ಹುಡುಕ್ತಾ ಇರೋದು ಮರೀನಾ?” ಕಟ್ಟೆಯ ಮೇಲಿಂದ ಭಾವನ ಧ್ವನಿ ಬಂತು.

“ಯಾವ ಮರಿ?” ಎಂದರು ದೊಡ್ಡಕ್ಕ.

“ಇಲ್ಲಿ ಮರದ ಕೆಳಗೆ ಒಂದು ಮರಿ ನಿಂತಿದೆ. ಆಗಲೇ ನೋಡ್ದೆ.”

“ಆಗಲೇ ನೋಡಿದ್ರೆ ಆಗಲೇ ಹೇಳೋದಲ್ವೇನ್ರೀ?”

“ನನ್ನನ್ನ ಯಾರೂ ಕೇಳಲಿಲ್ಲ. ನಾನು ಮರದ್ದೇ ಅಂದ್ಕೊಂಡೆ.”

ಎಲ್ಲರೂ ಕಟ್ಟೆಗೆ ಓಡಿದರು. ದೊಡ್ಡ ಮರದ ಬುಡದಲ್ಲಿ, ಎರಡು ದಪ್ಪ ಬೇರುಗಳ ಸಂದಿಯಲ್ಲಿ, ಹಸಿರು ಪಾಚಿಯ ಮೇಲೆ ಅದು ನಿಂತಿತ್ತು. ಗಡಿಯಾರದಣ್ಣ ಬಗ್ಗಿದಾಗ ಜೇಬಿನಿಂದ ಜಾರಿದ ಮುಚ್ಚಳ ಪಾಚಿಯೊಳಗೆ ಹುದುಗಿತ್ತು. ಒಂದೇ ಕಡೆ ವಾಲಿದ ಎರಡು ಕಾಂಡಗಳು, ಒಂದೇ ರೀತಿ ಬಾಗಿದ ಕೊಂಬೆಗಳು. ಒಂದು ನನ್ನ ತಲೆಗಿಂತ ಮೇಲೆ, ಒಂದು ಉಗುರಿನಷ್ಟು. ತಾಯಿಯ ಸೆರಗು ಹಿಡಿದು ನಿಂತ ಮಗುವಿನ ಹಾಗೆ ಇತ್ತು. ಹನ್ನೊಂದು ಎಲೆಗಳೂ ಇದ್ದವು. ನಾನು ಎಣಿಸಿದೆ.

ಗಡಿಯಾರದಣ್ಣ ಚಿಮಟ ಚಾಚಿದರು.

“ಮುಟ್ಟಬೇಡಿ,” ಎಂದರು ಮೋಜಣಿದಾರರು. ಅವರು ಪುಸ್ತಕ ತಿರುವಿದರು. ಕಟ್ಟೆಗೇರಿದ ಕುಂಡದೊಳಕ್ಕೆ ತೀರ್ಪು ಮುಗಿಯುವವರೆಗೆ ತೀರ್ಪುಗಾರರನ್ನು ಬಿಟ್ಟು ಇನ್ನಾರೂ ಕೈ ಹಾಕುವಂತಿಲ್ಲ. ಕುಂಡದಲ್ಲಿ ಎರಡು ಗಿಡಗಳಿದ್ದರೆ ಅದು ಎಂಟು ಕೈಯ ವರ್ಗವಲ್ಲ, ತೋಪಿನ ವರ್ಗ. ತೋಪೆಂದು ಹೆಸರು ಬರೆಸಿಲ್ಲವಾದ್ದರಿಂದ ಸ್ಪರ್ಧೆಯಿಂದಲೇ ಹೊರಗೆ.

“ಆದ್ರೆ ಕಳೆಗೆ ಲೆಕ್ಕ ಇಲ್ಲ,” ಎಂದರು ಅವರು, ದೊಡ್ಡಕ್ಕನ ಕಡೆ ತಿರುಗಿ. “ಕಳೆ ಅಂದ್ರೆ ನಾನೇ ಕಿತ್ತು ಬುಟ್ಟಿಗೆ ಹಾಕ್ತೀನಿ. ನಿಮ್ಮ ಎಂಟನೇ ಕಪ್ಪಿಗೆ ಅಡ್ಡಿ ಇಲ್ಲ. ಕುಂಡ ನಿಮ್ಮದು, ನೀವೇ ಹೇಳಿ. ಇದು ಕಳೆಯೋ, ಗಿಡವೋ?”

ದೊಡ್ಡಕ್ಕ ತಮ್ಮನನ್ನು ನೋಡಿದರು. ತಮ್ಮ ನೆಲ ನೋಡಿದರು. ಇಪ್ಪತ್ತೆರಡು ವರ್ಷ ಮಹಡಿಯಿಂದ ಬಗ್ಗಿ ಬಗ್ಗಿ ಹೇಳಿದ ಮಾತು ಅದು. ಇವತ್ತು ಒಂದು ಸಲ ಹೇಳಿದರೆ ಸಾಕಿತ್ತು. ಬೀದಿಯವರೆಲ್ಲರೂ ಕೇಳಿದ್ದ ಮಾತೇ ಆದ್ದರಿಂದ ಯಾರೂ ಆಶ್ಚರ್ಯಪಡುತ್ತಲೂ ಇರಲಿಲ್ಲ.

“ಅಕ್ಕ, ಬುಟ್ಟಿಯಿಂದ ನಾನು ಆರಿಸ್ಕೋತೀನಿ,” ಎಂದರು ಗಡಿಯಾರದಣ್ಣ, ಬಹಳ ಮೆಲ್ಲಗೆ. “ನೀನು ಹೇಳು.”

“ನೀನು ಸುಮ್ನಿರೋ,” ಎಂದರು ದೊಡ್ಡಕ್ಕ. ಮೋಜಣಿದಾರರ ಎದುರಿಗೆ ಹೋಗಿ ನಿಂತರು. “ಕಳೆ ಅಂದ್ರೆ ನನ್ನ ತಮ್ಮ ಅಷ್ಟು ಅಲಾರಂ ಇಡ್ತಾನಾ? ಗಿಡ ಸರ್ ಅದು. ನನ್ನ ಮರಕ್ಕೆಷ್ಟು ವಯಸ್ಸೋ ಅದಕ್ಕೂ ಅಷ್ಟೇ ವಯಸ್ಸು. ನಂದು ಹಾಳಾಗಿ ಹೋಗ್ಲಿ. ಕೂತ್ಕೊಂಡು ನೋಡಿ. ನಿಂತು ನೋಡಿದ್ರೆ ಕಾಣಲ್ಲ.”

ಮೋಜಣಿದಾರರು ದೊಡ್ಡಕ್ಕನ ಹೆಸರಿನ ಮುಂದೆ ಒಂದು ಗೆರೆ ಎಳೆದರು. ಎಂಟನೆಯ ಕಪ್ಪು ಹೋಯಿತು. ಆಮೇಲೆ ಅವರು ನಿಜವಾಗಿಯೂ ಕೂತರು. ಕೂತರೂ ಸರಿಹೋಗಲಿಲ್ಲ, ಭಾವನ ಪಕ್ಕದಲ್ಲೇ ಒಂದು ಮಗ್ಗುಲಿಗೆ ಮಲಗಿದರು. ಭೂತಗಾಜು ಹಿಡಿದರು.

“ಸ್ವಲ್ಪ ಸರೀತೀರಾ?”

“ಸೊಂಟ ಸರಿಯಲ್ಲ,” ಎಂದರು ಭಾವ. “ಇಲ್ಲಿಂದ್ಲೇ ನೋಡಿ. ಆ ಕೆಳಗಿನ ಎಲೆ ಹಿಂದೆ ಇನ್ನೊಂದು ಚಿಗುರು ಇದೆ.”

“ಎಲ್ಲಿ? ಹಾಂ. ಹೌದು.”

“ಚಿಗುರಾ?” ಎಂದರು ಗಡಿಯಾರದಣ್ಣ. ಅವರಿಗೇ ಗೊತ್ತಿರಲಿಲ್ಲ. ಹನ್ನೆರಡನೆಯ ಎಲೆ.

ಮೋಜಣಿದಾರರು ನೋಡುತ್ತಲೇ ಇದ್ದರು. ಒಂದು ನಿಮಿಷವಾಯಿತು. ಎರಡಾಯಿತು. ಬೇರು ನೋಡಿದರು, ಕೊಂಬೆಯ ಬಾಗು ನೋಡಿದರು, ಎಲೆಯ ನರ ನೋಡಿದರು. ಹದಿನೆಂಟು ವರ್ಷದ್ದನ್ನು ಬಡ್ಡಿ ಸಮೇತ ನೋಡಿದರು. ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಅಲಾರಂ ಬಾರಿಸಿತು. ಗಡಿಯಾರದಣ್ಣ ಡ್ರಾಪರ್ ತುಂಬಿ ಮುಂದೆ ಬಂದವರು, ಕುಂಡ ಮುಟ್ಟುವಂತಿಲ್ಲವೆಂದು ನೆನಪಾಗಿ ನಿಂತರು. ಸ್ವಲ್ಪ ಯೋಚಿಸಿ ಡ್ರಾಪರನ್ನು ಮೋಜಣಿದಾರರ ಕೈಗೆ ಕೊಟ್ಟರು. ಆ ಗಿಡದ ಕೆಲಸವನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

“ಒಂದೇ ಹನಿ ಸರ್. ಬಾಯಿಗೆ ಹಾಕ್ಕೋಬೇಡಿ.”

ಮೋಜಣಿದಾರರು ಒಂದು ಹನಿ ಹಾಕಿದರು. ಕೈ ನಡುಗದಿರಲೆಂದು ನೂರು ಜನ ಉಸಿರು ಹಿಡಿದಿದ್ದೆವು. ಆಮೇಲೆ ಅವರು ನಲವತ್ತೊಂದನೆಯ ನಂಬರಿನ ಚೀಟಿ ತರಿಸಿ ಕಟ್ಟೆಯ ಮೇಲೆ ಅಂಟಿಸಿದರು. “ಇದೇ ಇದರ ಮೇಜು,” ಎಂದು ಹತ್ತಕ್ಕೆ ಎಂಟು ಅಂಕ ಬರೆದರು. ಎರಡು ಯಾಕೆ ಹೋಯಿತೆಂದು ಕೇಳಿದ್ದಕ್ಕೆ, ಪಾಚಿ ಬೇರೆಯವರದ್ದು ಎಂದರು. ಷರಾ ಕಾಲಮ್ಮಿನಲ್ಲಿ ‘ವರ್ಗ ಮುಂದುವರಿಯಲಿ, ತೀರ್ಪುಗಾರರಿಗೆ ಮಲಗಲು ಚಾಪೆ ಒದಗಿಸುವುದು’ ಎಂದು ಬರೆದು ಸಹಿ ಹಾಕಿದರು.

ರಿಜಿಸ್ಟರಿನಲ್ಲಿ ಇನ್ನೊಂದು ಕಾಲಮ್ಮು ಖಾಲಿ ಉಳಿದಿತ್ತು. ಡಾಕ್ಟರಮ್ಮ ಪೆನ್ನು ಹಿಡಿದು ಕೇಳಿದರು.

“ಈ ಗಿಡವನ್ನ ಇಲ್ಲಿಗೆ ಎತ್ತಿ ತರೋಕೆ ಎಷ್ಟು ಕೈ ಬೇಕಾಯ್ತು?”

“ಎರಡು ಬೆರಳು,” ಎಂದರು ಗಡಿಯಾರದಣ್ಣ.

“ಸುಳ್ಳು ಹೇಳಬೇಡ,” ಎಂದರು ದೊಡ್ಡಕ್ಕ. “ಬಾಗಿಲಿಂದ ಕಟ್ಟೆವರೆಗೆ ಅದನ್ನೂ ಹೊತ್ಕೊಂಡು ಬಂದಿದ್ದು ನಾವು. ಎಂಟು ಕೈ ಅಂತ ಬರ್ಕೊಳಿ ಡಾಕ್ಟರಮ್ಮ.”

“ಎಂಟಾದ್ರೆ ನಂದು ನಿನ್ನದಕ್ಕಿಂತ ಸಣ್ಣದಲ್ಲ ಅಂತಾಯ್ತಲ್ಲ ಅಕ್ಕ?”

“ಅಷ್ಟು ದೊಡ್ಡವನಾಗಬೇಡ. ಮನೆಗೆ ವಾಪಸ್ ಎತ್ತಬೇಕು, ಬಾ. ಮತ್ತೆ ಒಂದೇ ಕೈ ಸಾಕು. ಇನ್ನೊಂದರಲ್ಲಿ ನಿನ್ನ ಜೇಬು ಹಿಡ್ಕೋ.”

ಡಾಕ್ಟರಮ್ಮ ಎಂಟು ಎಂದೇ ಬರೆದುಕೊಂಡರು. ಸಭಾಂಗಣದವರು ಮೊದಲು ಭಾವನನ್ನು ಎತ್ತಿ ಇಳಿಸಬೇಕಾಯಿತು. ಅದಕ್ಕೆ ಎಷ್ಟು ಕೈ ಬೇಕಾಯಿತೆಂದು ಯಾರೂ ಬರೆದಿಡಲಿಲ್ಲ, ಆದರೆ ನಾನು ಎಣಿಸಿದೆ. ಹನ್ನೆರಡು.